ನಂಜನಗೂಡಿನವನೂ ಬೀ ರೈಫಲ್ಲೂ

ಸಾಫ್ಟ್‌ವೇರ್ ಕೆಲಸದ ಸಸ್ಯಾಹಾರಿಯೊಬ್ಬ ಮೆಲ್ಬರ್ನ್‌ನಲ್ಲಿ ರೈಫಲ್ ಇಟ್ಟುಕೊಂಡರೆ, ಅವನು ಸುಮ್ಮನಿದ್ದರೂ ಪ್ರಸಂಗಗಳು ಸುಮ್ಮನಿರುವುದಿಲ್ಲ. ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಮೊದಲ ಪ್ರಶ್ನೆ, “ಕೊಡಗಿನವರಾ?”

“ಅಲ್ಲ, ನಂಜನಗೂಡು.”

“ಮತ್ತೆ ಯಾಕೆ?”

ಕಾರಣ ಇಷ್ಟೇ. ಡಾಕ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನವರೊಬ್ಬರು ಒಂದು ಶನಿವಾರ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಅಲ್ಲೊಬ್ಬ ಹಿರಿಯ ತನ್ನ ಹಳೇ ರೈಫಲ್ ನನ್ನ ಕೈಗೆ ಕೊಟ್ಟ. ಫಾರ್ಮ್‌ಗಳಿಗೆ ಕಾಟ ಕೊಡುವ ಮೊಲ, ನರಿಗಳಿಗೆಂದು ಮಾಡಿದ್ದು. ಭುಜಕ್ಕೆ ಒದೆಯಲಿಲ್ಲ, ‘ಟಪ್’ ಅಂತ ಒಂದು ಸಣ್ಣ ಸದ್ದು, ನೂರು ಮೀಟರ್ ಆಚೆಯ ಕಾಗದದಲ್ಲಿ ನಾನು ಬಯಸಿದ ಜಾಗದಲ್ಲೇ ತೂತು. ಅದಕ್ಕೆ ಹಾಕುವ ತೋಟಾದ ಹೆಸರು ‘ಬೀ’, ಜೇನುನೊಣದ ಬೀ. ಈಗ ಅದನ್ನು ಬಳಸುವವರು ಕಡಿಮೆ, ಅಂಗಡಿಗಳಲ್ಲಿ ಸಿಗುವುದೂ ಅಪರೂಪ. ನನಗೆ ಅದೇ ಬೇಕು ಅಂತ ಅವತ್ತೇ ತಲೆಗೆ ಹತ್ತಿತು.

ಬೀ ಬೇಕಾಗಿದೆ

ಲೈಸೆನ್ಸ್ ಆಯಿತು, ಪರ್ಮಿಟ್ ಆಯಿತು, ರೈಫಲ್ ಮಾತ್ರ ಸಿಗಲಿಲ್ಲ. ಒಂದು ಬಂದೂಕಿನ ಅಂಗಡಿಗೆ ಫೋನ್ ಮಾಡಿ “ಬೀ ಇದೆಯಾ?” ಅಂದರೆ ಕೌಂಟರ್ ಹುಡುಗಿ, “ಪೆಸ್ಟ್ ಕಂಟ್ರೋಲ್‌ಗೆ ಫೋನ್ ಮಾಡಿ” ಅಂದಳು.

ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ನನ್ನ ಗೆಳೆಯ, “ನೀನು ಸುಮ್ಮನಿರು, ನಾನು ಹುಡುಕ್ತೀನಿ” ಅಂತ ಧೈರ್ಯ ಕೊಟ್ಟ. ಹುಡುಕಿದ್ದು ಹೇಗೆ? ತನ್ನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ, “ನನ್ನ ಸ್ನೇಹಿತನಿಗೆ ಅರ್ಜೆಂಟಾಗಿ ಒಂದು ಹಳೇ ಬೀ ಬೇಕಾಗಿದೆ” ಅಂತ ಹಾಕಿದ. ಸಂಜೆಯೊಳಗೆ ಎರಡು ಬಾಟಲಿ ಜೇನುತುಪ್ಪ ಬಂತು. ಮೂರನೇ ಮಹಡಿಯ ಆಂಟಿಯೊಬ್ಬರು, “ನಮ್ಮ ಬಾಲ್ಕನಿಯಲ್ಲಿ ಗೂಡೇ ಕಟ್ಟಿವೆ. ಒಂದೇ ಯಾಕೆ, ಅಷ್ಟನ್ನೂ ತಗೊಂಡು ಹೋಗೋಕೆ ಹೇಳಪ್ಪ” ಅಂತ ಬರೆದಿದ್ದರು.

ಹೆಣ್ಣು ಕೇಳಲು ಹೋದದ್ದು

ಕಡೆಗೆ ಸಿಡ್ನಿಯ ಹೊರಗಿನ ಸಬರ್ಬ್‌ನಲ್ಲಿ ಒಬ್ಬ ಮುದುಕ ಮಾರಲಿದ್ದಾನೆ ಅಂತ ಗೊತ್ತಾಯಿತು. ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋದೆ. ಮುದುಕ ರೈಫಲ್ ತೋರಿಸಲಿಲ್ಲ. ನನ್ನನ್ನು ಸೋಫಾದ ಮೇಲೆ ಕೂರಿಸಿ, ಎದುರು ಕೂತು ವಿಚಾರಣೆಗೆ ಇಳಿದ.

“ಏನು ಕೆಲಸ?”

“ಸಾಫ್ಟ್‌ವೇರ್ ಟೆಸ್ಟಿಂಗ್.”

“ಪರ್ಮನೆಂಟಾ?”

“ಹೌದು.”

“ಕುಡೀತೀಯಾ?”

“ಇಲ್ಲ.”

“ಬೇರೆ ತೋಟಾ ಹಾಕೋ ಹಾಗೆ ನನ್ನ ರೈಫಲ್ಲನ್ನ, ಇವಳನ್ನ, ಬದಲಾಯಿಸಲ್ಲ ತಾನೇ? ಹಿಂದೆ ಬಂದವನು ಬದಲಾಯಿಸ್ತೀನಿ ಅಂದ. ಬಾಗಿಲು ತೋರಿಸಿದೆ.”

“ಬೀಗೋಸ್ಕರಾನೇ ಬಂದಿರೋದು” ಅಂದೆ. ಮುದುಕ ಎದ್ದು ಒಳಗೆ ಹೋದ. ರೈಫಲ್ಲನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಬಂದ. ಮರದ ಹಿಡಿ ಅವನ ಕೈ ತಾಗಿ ತಾಗಿ ನುಣ್ಣಗಾಗಿತ್ತು. ಅವನ ಕಣ್ಣು ಒದ್ದೆಯಾಗಿತ್ತು. ಗೆಳೆಯ ಮಾತ್ರ ನನ್ನ ಕಿವಿಯಲ್ಲಿ, “ಉಪ್ಪಿಟ್ಟು, ಕೇಸರಿಬಾತ್ ಇನ್ನೂ ಬರಲಿಲ್ಲವಲ್ಲೋ” ಅಂದ.

ಡೀಲರುಗಳ ಮೂಲಕ ಕಾಗದಪತ್ರ ಮುಗಿದು ರೈಫಲ್ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿರುವ ನಮ್ಮ ಮನೆ ಸೇರಿತು. ಮುದುಕ ಇವತ್ತಿಗೂ ತಿಂಗಳಿಗೊಮ್ಮೆ ಫೋನ್ ಮಾಡಿ, “ಅವಳು ಹೇಗಿದ್ದಾಳೆ?” ಅಂತ ಕೇಳುತ್ತಾನೆ. ನನ್ನ ಮಾವ ಕೂಡ ತಮ್ಮ ಮಗಳ ಬಗ್ಗೆ ಇಷ್ಟು ಸಲ ವಿಚಾರಿಸಿಲ್ಲ.

ಅಮ್ಮನ ಪಾಲಿಶ್

ಬೀ ತೋಟಾ ಸುಲಭಕ್ಕೆ ಸಿಗದ ಕಾರಣ, ಹೊಡೆದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಬಿಸಾಡುವಂತಿಲ್ಲ. ಜೋಪಾನವಾಗಿ ತೊಳೆದು ಮತ್ತೆ ಮದ್ದು ತುಂಬಿಸಿಕೊಳ್ಳಬೇಕು. ನಾನು ನಲವತ್ತು ಕಪ್ಪಾದ ಚಿಪ್ಪುಗಳನ್ನು ಗರಾಜಿನ ಡಬ್ಬಿಯಲ್ಲಿ ಇಟ್ಟಿದ್ದೆ. ಊರಿಂದ ಬಂದಿದ್ದ ಅಮ್ಮನ ಕಣ್ಣಿಗೆ ಅದು ಬಿತ್ತು.

ಆಫೀಸಿನಿಂದ ಬಂದು ನೋಡುತ್ತೇನೆ, ನಲವತ್ತೂ ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ನಿಂತು ದೇವರಮನೆ ದೀಪದ ಹಾಗೆ ಫಳಫಳ ಅನ್ನುತ್ತಿವೆ. ಒಂದೊಂದಕ್ಕೂ ಒಂದೊಂದು ಕುಂಕುಮದ ಬೊಟ್ಟು.

“ಏನಮ್ಮಾ ಇದು?”

“ಹಿತ್ತಾಳೇನ ಹಾಗೆ ಕಪ್ಪಗೆ ಇಡ್ತಾರೇನೋ? ಹುಣಸೆಹಣ್ಣು ಹಾಕಿ ಉಜ್ಜಿದೆ.”

ಅವನ್ನು ಕ್ಲಬ್ಬಿಗೆ ಒಯ್ದಾಗ ಎಲ್ಲರೂ ಸುತ್ತ ನೆರೆದರು. ಇಂಥ ಹೊಳಪು ಯಾವ ಮಷೀನಿನದು ಅಂತ ಕೇಳಿದರು. ನಾನು ಹುಣಸೆಹಣ್ಣಿನ ಗುಟ್ಟು ಬಿಟ್ಟುಕೊಟ್ಟೆ. ಮುಂದಿನ ವಾರ ನಮ್ಮ ಇಂಡಿಯನ್ ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, “ಸರ್, ಈ ಬಿಳಿ ತಾತಂದಿರೆಲ್ಲ ಇದ್ದಕ್ಕಿದ್ದ ಹಾಗೆ ಸಾರು ಮಾಡೋಕೆ ಯಾಕೆ ಶುರು ಮಾಡಿದ್ದಾರೆ?”

ಮೊಲದ ಬೇಟೆ

ಕ್ಲಬ್ಬಿನವರ ಪರಿಚಯದ ರೈತನೊಬ್ಬ, ಮೊಲಗಳ ಕಾಟ ತಡೆಯಲಾಗುತ್ತಿಲ್ಲ, ಬನ್ನಿ ಅಂತ ಕರೆದ. ದಿಬ್ಬದ ಮೇಲೆ ಹುಲ್ಲಿನಲ್ಲಿ ಬೋರಲು ಮಲಗಿದೆ. ಒಂದು ಮೊಲ ಬಂತು. ಗುರಿ ಹಿಡಿದೆ. ಅದು ಹಿಂಗಾಲ ಮೇಲೆ ಕೂತು ಮುಂಗಾಲಿನಿಂದ ಮುಖ ತೊಳೆಯತೊಡಗಿತು. ಮುಖ ತೊಳೆಯುತ್ತಿರುವವರಿಗೆ ಹೊಡೆಯುವುದು ಹೇಗೆ? ಮುಗಿಸಲಿ ಅಂತ ಕಾದೆ. ಮುಗಿಸಿಕೊಂಡು ಹೊರಟುಹೋಯಿತು. ಅಷ್ಟು ದೂರ ಬಂದದ್ದಕ್ಕೆ ದಿಬ್ಬದ ಬುಡದಲ್ಲಿ ಒಂದು ತುಕ್ಕು ಹಿಡಿದ ಡಬ್ಬ ಇಟ್ಟು ಐದು ಗುಂಡು ಹೊಡೆದೆ. ಐದೂ ತಗುಲಿದವು.

ರೈತ ಗೇಟಿನಲ್ಲಿ ಕಾಯುತ್ತಿದ್ದ. “ಎಷ್ಟು ಬಿತ್ತು?”

ನಾನು ಹೆಮ್ಮೆಯಿಂದ ಡಬ್ಬ ತೋರಿಸಿದೆ.

ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ, “ಒಳ್ಳೇದು. ನಮ್ಮಲ್ಲಿ ಡಬ್ಬಗಳ ಕಾಟ ಶುರುವಾದರೆ ಖಂಡಿತ ಫೋನ್ ಮಾಡ್ತೀನಿ.”

ಬೀಗದ ಕೈ

ಲೈಸೆನ್ಸ್ ಇರುವವರ ಮನೆಗೆ ಪೊಲೀಸರು ಬಂದು ರೈಫಲ್ ಇಡುವ ಸೇಫ್ ನೋಡಿ ಹೋಗುವುದು ಇಲ್ಲಿ ಮಾಮೂಲು. ಸೇಫಿನ ಕೀ ಎಲ್ಲಿದೆ ಅಂತ ಲೈಸೆನ್ಸ್ ಇದ್ದವನಿಗೆ ಮಾತ್ರ ಗೊತ್ತಿರಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಗೊತ್ತಿದ್ದರೆ ಲೈಸೆನ್ಸಿಗೇ ಸಂಚಕಾರ.

ಬಂದ ಆಫೀಸರ್ ಹೆಂಗಸು. ಸೇಫ್ ನೋಡಿದರು, ಗೋಡೆಗೆ ಹಾಕಿದ ಬೋಲ್ಟ್ ಅಲ್ಲಾಡಿಸಿದರು, ರೈಫಲ್ಲಿನ ನಂಬರ್ ತಾಳೆ ನೋಡಿದರು. ಎಲ್ಲ ಸರಿಯಿತ್ತು. ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಅವರು ಸಹಜವಾಗಿ ಅಮ್ಮನನ್ನೇ ಕೇಳಿಬಿಟ್ಟರು, “ಕೀ ಎಲ್ಲಿಡ್ತಾರೆ ಅಂತ ನಿಮಗೆ ಗೊತ್ತಾ?”

ನಾನು ಬಚ್ಚಿಟ್ಟ ಯಾವ ವಸ್ತುವೂ ಅಮ್ಮನಿಗೆ ಸಿಗದೆ ಉಳಿದ ಉದಾಹರಣೆ ನನ್ನ ಜೀವನದಲ್ಲಿಲ್ಲ.

ಅಮ್ಮ ಸೆರಗು ಸರಿಮಾಡಿಕೊಂಡು ಇಂಗ್ಲಿಷಿಗೆ ಇಳಿದಳು. “ನೋ ಮೇಡಂ. ಮೈ ಸನ್ ನೆವರ್ ಟೆಲ್ಲಿಂಗ್ ಮೀ ಎನಿಥಿಂಗ್. ಸ್ಯಾಲರಿ ಆಲ್ಸೋ ನಾಟ್ ಟೆಲ್ಲಿಂಗ್.”

ನಾನು ಉಸಿರು ಬಿಟ್ಟೆ. ಅಮ್ಮ ಮಾತು ಮುಗಿಸಿರಲಿಲ್ಲ.

“ಎವೆರಿಥಿಂಗ್ ಹೀ ಈಸ್ ಟೆಲ್ಲಿಂಗ್ ಟು ವೈಫ್ ಓನ್ಲಿ.”

ಆಫೀಸರ್ ಕಾಫಿ ಕಪ್ಪು ಕೆಳಗಿಟ್ಟು, ಪೆನ್ನು ತೆಗೆದು, ನನ್ನ ಹೆಂಡತಿಯ ಕಡೆ ತಿರುಗಿದರು. “ನಿಮಗೆ ಗೊತ್ತಾ?”

ಇವಳು ತಣ್ಣಗೆ ಹೇಳಿದಳು, “ನನಗೆ ಗೊತ್ತಿದ್ದಿದ್ದರೆ, ಮೇಡಂ, ಹೋದ ಸಲ ಕೌನ್ಸಿಲಿನ ಕಸದ ಗಾಡಿಯವರು ಹಳೇ ಸೋಫಾ ಎತ್ತಿಕೊಂಡು ಹೋದರಲ್ಲ, ಈ ರೈಫಲ್ಲೂ ಅದರ ಜೊತೆಗೇ ಹೋಗಿರೋದು.”

ಆಫೀಸರ್ ನಗು ತಡೆದುಕೊಂಡು ಫಾರಂ ತುಂಬ ಟಿಕ್ ಹಾಕಿದರು. ಬಾಗಿಲವರೆಗೆ ಹೋದವರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಅಂದರು, “ಕೀ ಇನ್ನೂ ಸ್ವಲ್ಪ ಹುಷಾರಾಗಿ ಇಟ್ಟುಕೊಳ್ಳಿ. ನಿಮಗಿರೋ ಭಯ ಕಳ್ಳರದಲ್ಲ, ಮನೆಯವರದು.”