ಸುಗಂಧಿ ದೊಡ್ಡಮ್ಮನ ಸಹಿ

ಎಲ್ಲ ಗೋಳಿಗೂ ಕಾರಣ ಸುಗಂಧಿ ದೊಡ್ಡಮ್ಮನ ಓದುವ ಚಟ. ಬೇರೆ ರೋಗಿಗಳು ನರ್ಸು ತೋರಿಸಿದಲ್ಲಿ ಸಹಿ ಗೀಚಿ ಕಾಗದ ವಾಪಸು ಕೊಡುತ್ತಾರೆ. ಬ್ರಹ್ಮಾವರದಲ್ಲಿ ಮೂವತ್ತನಾಲ್ಕು ವರ್ಷ ಟೀಚರಾಗಿದ್ದ ದೊಡ್ಡಮ್ಮ ಮಾತ್ರ ಕನ್ನಡಕ ಏರಿಸಿಕೊಂಡು, ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಉತ್ತರಪತ್ರಿಕೆ ತಿದ್ದುವಂತೆ ಸಾಲು ಸಾಲಾಗಿ ಓದಿದರು. ‘ಜೀವಕ್ಕೆ ಅಪಾಯವಾಗಬಹುದೆಂದು ತಿಳಿದಿದ್ದೇನೆ’ ಎಂಬಲ್ಲಿ ಬೆರಳಿಟ್ಟರು.

“ರತ್ನಾಕರ, ನಾನ್ ಒಳಗೇ ಸತ್ರೆ ಎಲ್ಲಿಗ್ ಹೋತೆ?”

ತಂಗಿಯ ಮಗ ರತ್ನಾಕರ ಕುಂದಾಪುರದ ಗೇರುಬೀಜದ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ. ಮದುವೆಯಾಗದ ದೊಡ್ಡಮ್ಮನಿಗೆ ಅವನೊಬ್ಬನೇ ದಿಕ್ಕು. “ಮನೆಗೇ ಹೋಪುದ್ ದೊಡ್ಡಮ್ಮ” ಎಂದ.

“ತಮಾಷೆ ಬ್ಯಾಡ. ಸ್ವರ್ಗವಾ, ನರಕವಾ? ನಿಶ್ಚಯ ಮಾಡಿ ಹೇಳುವವ್ರನ್ನ ಕರ್ಕಂಡ್ ಬಾ. ಅಲ್ಲಿವರೆಗೆ ಸಹಿ ಇಲ್ಲ.”

ಗಂಟೆ ಹನ್ನೊಂದು. ಪಿತ್ತಕೋಶ ಕಾಯಿಯಂತೆ ಊದಿದೆ, ಮೂರು ಗಂಟೆಗೆ ತೆಗೆಯಲೇಬೇಕು, ತಡವಾದರೆ ಒಳಗೇ ಒಡೆಯುತ್ತದೆ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ರತ್ನಾಕರ ಫೋನ್ ಹಿಡಿದು ಹೊರಗೋಡಿದ.

ಮೊದಲು ಬಂದವರು ಅವರ ಪ್ರೊಟೆಸ್ಟೆಂಟ್ ಸಭೆಯ ಪಾದ್ರಿಯವರು. “ರಕ್ಷಣೆ ಸಿಗೋದು ನಂಬಿಕೆಯಿಂದ ಟೀಚರ್, ನಮ್ಮ ಕೆಲಸಗಳಿಂದ ಅಲ್ಲ. ನೀವು ನಂಬಿದ್ದೀರಿ. ಸಂದೇಹ ಯಾಕೆ?”

“ನಂದ್ ನಂಬಿಕೆಯಾ, ಬರೀ ಅಭ್ಯಾಸವಾ ಅಂದೇಳಿ ಹ್ಯಾಂಗ್ ಗೊತ್ತಾಪ್ದ್?”

“ನಿಜವಾದ ನಂಬಿಕೆ ಇದ್ದರೆ ಪರಿಶುದ್ಧ ಜೀವನದಲ್ಲಿ ಅದರ ಫಲ ಕಾಣುತ್ತೆ.”

“ಕಂಡ್ರಿಯಾ, ಕೆಲಸದಿಂದ ಅಲ್ಲ ಅಂದ್ರಿ, ಈಗ ಹಿಂದಿನ ಬಾಗ್ಲಿಂದ ಕೆಲಸವನ್ನೇ ಒಳಗೆ ಕರ್ಕಂಡ್ ಬಂದ್ರಿ!” ಎಂದರು ದೊಡ್ಡಮ್ಮ. ಪಾದ್ರಿಯವರು ಬೆವರು ಒರೆಸಿಕೊಂಡು ಪ್ರಾರ್ಥನೆ ಮಾಡಿ ಹೊರಟರು. ನರ್ಸ್ ಚೇತನಾ ಬಿಪಿ ನೋಡಿದಳು. ನೂರ ಅರವತ್ತು.

ಪಕ್ಕದ ಹಾಸಿಗೆಯ ಸೆವ್ರಿನ್ ಬಾಯಿ ಇದನ್ನೆಲ್ಲ ಕೇಳಿ ಚಡಪಡಿಸುತ್ತಿದ್ದರು. ಕೊರಳ ಜಪಮಣಿ ಹಿಡಿದು ಎದ್ದು ಕುಳಿತರು. “ನಿಶ್ಚಯ ಅಂಬುದೇ ಗರ್ವ ಮಾರಾಯ್ತಿ. ನಾವ್ ಕ್ಯಾಥೊಲಿಕರು ಆಸೆ ಮಾತ್ರ ಇಟ್ಕಂಬುದ್. ಬಾಕಿ ಉಳ್ದ ಕೊಳೆನ ಮೇಲೆ ಒಂದ್ ಜಾಗದಲ್ಲಿ ಬೆಂಕಿಲಿ ಸುಟ್ಟ್, ಚೊಕ್ಕ ಮಾಡಿ ಒಳಗೆ ಬಿಡ್ತ್ರ್.”

“ಎಷ್ಟ್ ದಿನ ಸುಡ್ತ್ರ್?”

“ಅದ್ ದೇವ್ರಿಗೇ ಗೊತ್ತ್.”

ಬಿಪಿ ನೂರ ಎಂಬತ್ತು. “ದಯವಿಟ್ಟ್ ಇನ್ಯಾರೂ ಸಮಾಧಾನ ಮಾಡ್ಬ್ಯಾಡಿ!” ಎಂದು ಚೇತನಾ ಕೈಮುಗಿದಳು.

ಅಷ್ಟರಲ್ಲಿ ಬೈಂದೂರಿನಿಂದ ಬೈಕಿನಲ್ಲಿ ಪ್ರವೀಣ್ ಬಂದೇ ಬಿಟ್ಟ. ರತ್ನಾಕರನ ಹೆಂಡತಿಯ ತಮ್ಮ. ಈಚೆಗೆ ಹೊಸ ಪ್ರಾರ್ಥನಾ ಕೂಟ ಸೇರಿ ಹಸಿ ಮೆಣಸಿನಷ್ಟು ಖಾರವಾಗಿದ್ದ. ಹೆಲ್ಮೆಟ್ಟನ್ನೂ ತೆಗೆಯದೆ ಹೇಳಿದ: “ಪರಿಶುದ್ಧರಿಗೆ ಕಾಯಿಲೆ ಬತ್ತೇ ಇಲ್ಲ. ನಿಮ್ಮೊಳಗೆ ಎಂತದೋ ಗುಟ್ಟಿನ ಪಾಪ ಇತ್ತ್ ದೊಡ್ಡಮ್ಮ. ಹೊರಗೆ ಹಾಕಿ!”

ರತ್ನಾಕರ ಅವನ ರಟ್ಟೆ ಹಿಡಿದು ಲಿಫ್ಟಿನೊಳಗೆ ದಬ್ಬಿ ಬಂದ. ಆದರೆ ದೊಡ್ಡಮ್ಮ ಗೋಡೆ ಕಡೆ ತಿರುಗಿ ಅಳುತ್ತಿದ್ದರು. ಗಂಟೆ ಎರಡೂವರೆ.

“ಅವ ಹೇಳಿದ್ದ್ ಸಮಾ. ಅಮ್ಮನ ಹೊಲಿಗೆ ಮೆಷಿನ್ನಿಗೆ ಜಗಳ ಮಾಡಿ ಗ್ರೇಸಿ ಹತ್ರ ಹತ್ತೊಂಬತ್ ವರ್ಷ ಮಾತಾಡ್ಲಿಲ್ಲೆ. ಅವ್ಳ್ ಸಾಯುವ ಹೊತ್ತಿಗೂ ನಾನ್ ಹೋಯ್ಲಿಲ್ಲೆ. ಮಕ್ಕಳಿಗೆಲ್ಲ ಕ್ಷಮೆ ಕಲ್ಸಿದ ನನ್ನ ಯಾವ ದೇವ್ರ್ ಒಳಗ್ ಬಿಡುದ್?”

ಗ್ರೇಸಿ ಎಂದರೆ ರತ್ನಾಕರನ ತಾಯಿ. ಕೊನೆಯ ದಿನ ದೊಡ್ಡಮ್ಮನಿಗೆ ಹೇಳಿಕಳಿಸಲೇ ಎಂದು ಅವನು ಕೇಳಿದಾಗ ಆಕೆ, “ಅವ್ಳ ಹೆಸ್ರ್ ತೆಗಿಬ್ಯಾಡ” ಎಂದು ಕಣ್ಣು ಮುಚ್ಚಿದ್ದಳು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಗಡಿಯಾರ ನೋಡಿದ.

“ದೊಡ್ಡಮ್ಮ, ಅಮ್ಮ ಸಾಯುವ ಹೊತ್ತಿಗೆ ನಿಮ್ಮ ಹೆಸ್ರೇ ಹೇಳಿದ್ದ್. ‘ಅಕ್ಕನ್ ಮೇಲ್ ನಂಗೆ ಸಿಟ್ಟಿಲ್ಲ, ಮೇಲೆ ಕಾಯ್ತಾ ಇರ್ತೆ ಅಂತ ಹೇಳ್’ ಅಂದೇಳಿ.”

ದೊಡ್ಡಮ್ಮ ಮೆಲ್ಲ ಈಚೆ ತಿರುಗಿದರು. “ಸತ್ಯವಾ?”

“ಸತ್ಯ.”

ಅವರ ಮುಖದ ಗೆರೆಗಳು ಒಂದೊಂದಾಗಿ ಸಡಿಲಾದವು. ಚೇತನಾ ಬಿಪಿ ನೋಡಿ, ಯಂತ್ರ ಕೆಟ್ಟಿತೆಂದು ಎರಡನೇ ಸಲ ನೋಡಿದಳು. ನೂರ ಮೂವತ್ತು! ಸೆವ್ರಿನ್ ಬಾಯಿ ಶಿಲುಬೆ ಗುರುತು ಹಾಕಿಕೊಂಡರು. ಮೂರಕ್ಕೆ ಇನ್ನು ಐದೇ ನಿಮಿಷ. ರತ್ನಾಕರ ಪೆನ್ನು ಕೊಟ್ಟ.

ದೊಡ್ಡಮ್ಮ ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಅಚ್ಚುಕಟ್ಟಾಗಿ ಮಡಚಿ ಅವನ ಜೇಬಿನಲ್ಲೇ ಇಟ್ಟರು.

“ಇನ್ನ್ ಸಹಿ ಎಂತಕೆ? ಗ್ರೇಸಿ ಅಲ್ಲಿ ಕಾಯ್ತಾ ಇಪ್ಪ ಹೊತ್ತಿಗೆ, ನಾನ್ ಹೊಟ್ಟೆ ಕೊಯ್ಸ್ಕಂಡ್ ಇಲ್ಲಿ ಕೂಕಂಡ್ ಎಂತ ಮಾಡುದ್? ಒಂದ್ ರಿಕ್ಷಾ ಕರಿ, ಮನೆಗ್ ಹೋಪ.”

ರತ್ನಾಕರ ಬಾಯಿ ತೆರೆದ. ನಿಜ ಹೇಳಿದರೆ ಅವರಿಗೆ ನರಕದ ಹೆದರಿಕೆ, ಹೇಳದಿದ್ದರೆ ಸ್ವರ್ಗದ ಅವಸರ. ಬಾಗಿಲಲ್ಲಿ ಸ್ಟ್ರೆಚರ್ ಬಂದು ನಿಂತಿತು.

ದೊಡ್ಡಮ್ಮ ಅವನ ಕೈ ಹಿಡಿದು ಹತ್ತಿರ ಎಳೆದುಕೊಂಡರು. ಕಣ್ಣಲ್ಲಿ ಹುಡುಗಿಯ ಹೊಳಪು.

“ಹೇಳ್ ಮಗಾ, ಗ್ರೇಸಿ ಮತ್ತೆಂತೆಂತ ಹೇಳಿದ್ಳ್?”