ನೀರು ಕಾಸುವ ವರ

ನನ್ನ ತಮ್ಮನಂಥ ಸುಳ್ಳು ಹೇಳಾಕ ಬರಲಾರದ ಮನಷ್ಯಾ ಕೊಪ್ಪಳ ಜಿಲ್ಲಾ ಪೂರ್ತಿ ಹುಡುಕಿದ್ರೂ ಸಿಗಂಗಿಲ್ರಿ. ಖರೇನೂ ಹೇಳಂಗಿಲ್ಲ, ಅದು ಬ್ಯಾರೆ ಮಾತು!

ಅಂವ ನೌಕಾಪಡ್ಯಾಗ ಅದಾನ. ಅಣುಶಕ್ತಿಯಿಂದ ಓಡೋ ಸಬ್‌ಮರೀನ್‌ದಾಗ, ಯಂತ್ರದ ಕಡೆ. ಇಷ್ಟು ತಿಳ್ಕೊಳ್ಳಾಕ ನನಗ ವರ್ಷಗಟ್ಟಲೆ ಹಿಡೀತು. ಎಲ್ಲಿಗೆ ಹೋಗಿದ್ಯೋ ಅಂದ್ರ "ಸಮುದ್ರಕ್ಕ" ಅಂತಾನ. ಅಲ್ರೀ, ನೌಕಾಪಡಿಯಾಂವ ಸಮುದ್ರ ಬಿಟ್ಟು ಗಂಗಾವತಿ ಕಾಲುವಿಗೆ ಹೋಗ್ತಾನೇನು?

ಅವ್ವ-ಅಪ್ಪ ಹೋದ ಮ್ಯಾಲೆ ಅವನ್ನ ಬೆಳೆಸಿದಾಕಿ ನಾನ. ಕೊಪ್ಪಳದಾಗ ಸಾಲಿ ಟೀಚರ್ ಅದೀನಿ. ನನ್ನ ಲಗ್ನದ ವಯಸ್ಸು ಇವನ್ನ ಓದಸ್ಕೋತ ಹೋತು. ಇವಂದರ ಆಗಲಿ ಅಂತ ನನ್ನ ಜೀವ ಒದ್ದಾಡ್ತಿತ್ತು. ಈ ಸಲ ರಜಾ ಇಪ್ಪತ್ತು ದಿನ. ಅಷ್ಟರಾಗ ಕನ್ಯಾ ಗೊತ್ತಾಗಲಿಲ್ಲಂದ್ರ ಮತ್ತ ಯಾವಾಗ ನೀರಿಂದ ಮ್ಯಾಲೆ ಬರ್ತಾನೋ ದೇವರಿಗೆ ಗೊತ್ತು!

ಮನ್ಯಾಗ ಇವನ ವರಸಿ ಕೇಳ್ರಿ. ಕುಕ್ಕರ್ ಇಟ್ರ ಸಾಕು, ಮುಂದ ಕುರ್ಚಿ ಹಾಕ್ಕೊಂಡು ಕೂಡ್ತಾನ. ಪ್ರತಿ ಸೀಟಿಗೂ ಟೈಮು ಬರೀತಾನ.

"ಯಾಕೋ, ಅನ್ನಕ್ಕ ಪರೀಕ್ಷಾ ಏನೋ?"

"ಅಕ್ಕಾ, ಹಿಂದಿನ ಸೀಟಿಗೂ ಇದಕ್ಕೂ ಫರಕ್ ಐತಿ. ವಾಷರ್ ಸೋರಾಕತ್ತೈತಿ."

ನೋಡಿದ್ರ ಖರೇನ ಸೋರಾಕತ್ತಿತ್ತು! ಸಿಟ್ಟು ಬರೋದು ಅದಕ್ಕ ನೋಡ್ರಿ.

ಮೊದಲನೇ ಕನ್ಯಾ ಕುಷ್ಟಗ್ಯಾಗ. ಹುಡುಗಿ ಅಪ್ಪ, "ಕೆಲಸ ಏನ್ರಿ?" ಅಂದ.

"ನೀರು ಕಾಸ್ತೀನ್ರಿ."

ಆತ ನನ್ನ ಮಾರಿ ನೋಡಿದ. ನಾ ಉಪ್ಪಿಟ್ಟಿನ ಪ್ಲೇಟ್ ನೋಡಿದೆ. "ಅದಕ್ಕ ಅಷ್ಟು ದೂರ ಯಾಕ್ರಿ? ಇಲ್ಲೇ ಬಸ್‌ಸ್ಟ್ಯಾಂಡ್ ಮುಂದಿನ ಲಾಡ್ಜಿನ್ಯಾಗ ಜಾಗಾ ಖಾಲಿ ಐತಿ" ಅಂದುಬಿಟ್ಟ.

ಬಸ್ಸಿನ್ಯಾಗ ಚೆಂದಂಗ ಬೈದೆ. "ಹೇಳಬಾರದ್ದು ಬಿಡು, ಸಾಲಿ ಪುಸ್ತಕದಾಗ ಇದ್ದಷ್ಟರ ಬಿಡಿಸಿ ಹೇಳೋ!" ಎರಡನೇ ಕನ್ಯಾ ನೋಡಾಕ ಯಲಬುರ್ಗಾಕ್ಕ ಹೋದಾಗ ಬಿಡಿಸಿ ಹೇಳಿದ. ಅಣು ಒಡದಾಗ ಕಾವು ಬರ್ತೈತಂತ, ಕಾವಿಗೆ ನೀರು ಉಗಿ ಆಕ್ಕೈತಂತ, ಉಗಿ ಚಕ್ರ ತಿರಗಸ್ತೈತಂತ. ಒಬ್ಬಾಂವ ಕರೆಂಟ್ ನೋಡ್ತಾನ, ಒಬ್ಬಾಂವ ನೀರಿನ ಗುಣ ಪರೀಕ್ಷಾ ಮಾಡ್ತಾನ, ಒಬ್ಬಾಂವ ಮೀಟರ್ ಕಾಯ್ತಾನ, ತಾ ಪಂಪು-ಪೈಪು ನೋಡ್ತಾನ. ಎಲ್ಲಾ ಕೇಳಿ ಹುಡುಗಿ ಅಜ್ಜಿ ಒಂದ ಮಾತು ಕೇಳಿದ್ಳು: "ಹಂಗಾರ ಹಡಗು ಓಡ್ಸಾಂವ ಯಾರಪಾ?"

"ಅವ್ರು ಬ್ಯಾರೆ ಅದಾರ್ರಿ."

"ಮತ್ತ ಅವನ್ನ ಕರಕೊಂಡು ಬರಬೇಕಿಲ್ಲೋ!"

ರಜಾ ಉಳದದ್ದು ಎರಡ ದಿನ. ಹೇಮಗುಡ್ಡದ ದುರ್ಗಮ್ಮಗ ಸೀರಿ ಉಡಸ್ತೀನಿ ಅಂತ ಬೇಡ್ಕೊಂಡು ಗಂಗಾವತಿಗೆ ಹೋದಿವಿ. ಅವರದು ಅಕ್ಕಿ ಗಿರಣಿ, ಮಗ್ಗಲಕ್ಕ ಮನಿ. ಹುಡುಗಿ ಡಿಪ್ಲೊಮಾ ಓದಿ ಗಿರಣಿ ಯಂತ್ರ ತಾನ ನೋಡ್ಕೋತಾಳ. ಅಪ್ಪ ಭಾಳ ಹುಷಾರು. "ಜೀವನ ಪೂರ್ತಿ ನೀರಾಗ ಇರಾಕ ಆಗಂಗಿಲ್ಲಲ್ರಿ, ಮುಂದೇನು?" ಅಂದ.

"ಹದಿನೈದು ವರ್ಷಕ್ಕ ಪಿಂಚಣಿ ಬರ್ತೈತ್ರಿ. ಆಮ್ಯಾಲೆ ಕರೆಂಟ್ ತಯಾರ ಮಾಡೋ ಕಡೆ ನಮ್ಮಂಥವರನ್ನ ಕರದು ಕೆಲಸ ಕೊಡ್ತಾರ. ಇಲ್ಲಂದ್ರ…" ಅಂದಾಂವ ಕಿಟಕಿ ಕಡೆ ಕಿವಿ ಕೊಟ್ಟ. "ನಿಮ್ಮ ಬಾಯ್ಲರ್ ಪಂಪು ನೀರು ಬರೋಬ್ಬರಿ ಎಳೀವಲ್ದು" ಅಂದವನ ಚಹಾ ಬಿಟ್ಟು ಎದ್ದು ಹೋದ! ಹಿಂದಿಂದ ಹುಡುಗಿನೂ ಓಡಿದ್ಳು. ಕನ್ಯಾ ನೋಡಾಕ ಹೋದಲ್ಲಿ ವರಾನೂ ಇಲ್ಲ, ಕನ್ಯಾನೂ ಇಲ್ಲ! ನಾನೂ ಆಕಿ ಅಪ್ಪನೂ ಒಬ್ಬರಿಗೊಬ್ಬರು ಚಕ್ಕಲಿ ಕೊಟ್ಕೋತ ಕುಂತಿವಿ.

ಅರ್ಧ ತಾಸಿಗೆ ಇಬ್ರೂ ಬಂದ್ರು, ಕೈಯೆಲ್ಲಾ ಮಸಿ. ಪಂಪಿನ ನೀರು ಸೋಸೋ ಜಾಳಗಿಗೆ ಭತ್ತದ ಹೊಟ್ಟು ಕಟ್ಟಿತ್ತಂತ. "ಅಪ್ಪಾ, ಮೂರು ದಿನದಿಂದ ನಾನೂ ಇದನ್ನ ಬಡ್ಕೋಳಾಕತ್ತಿದ್ದೆ. ಬಾಯ್ಲರ್ ಹಂಗ ಒಣಗಿದ್ರ ಮನಿ ಉಳೀತಿರಲಿಲ್ಲ" ಅಂದ್ಳು ಹುಡುಗಿ. ಅಪ್ಪನ ಮಾರಿ ಅರಳ್ತು. ನನಗೂ ಹೋದ ಜೀವ ಬಂದಂಗಾತು.

ಅಷ್ಟರಾಗ ಈ ಪುಣ್ಯಾತ್ಮ ಬಾಯಿ ತಗದ. "ಒಂದು ಮಾತು ಮೊದ್ಲ ಹೇಳ್ತೀನ್ರಿ. ನೀರಿಗೆ ಇಳದ್ರ ತಿಂಗಳುಗಟ್ಟಲೆ ಫೋನ್ ಇರಂಗಿಲ್ಲ. ಎಲ್ಲಿದ್ದೆ ಅಂತ ಆಮ್ಯಾಲೂ ಹೇಳಾಕ ಬರಂಗಿಲ್ಲ."

ಮುಗೀತು ಸಂಬಂಧ ಅಂತ ನಾ ಚೀಲ ಕೈಯಾಗ ಹಿಡದೆ.

ಹುಡುಗಿ ಕೈ ಒರಸ್ಕೋತ ಅಂದ್ಳು: "ಹೇಳಬ್ಯಾಡ್ರಿ. ಹೊಳ್ಳಿ ಬಂದ್ರ ಸಾಕು. ಆದ್ರ ಅಷ್ಟು ದಿನ ನಾ ಕೊಪ್ಪಳದಾಗ ಅಕ್ಕನ ಕಡೆ ಇರ್ತೀನಿ. ನೀವು ನೀರಾಗ ಇದ್ದಾಗ ಅವ್ರು ಸರಿಯಾಗಿ ಉಣ್ಣಂಗಿಲ್ಲ, ಬಾಗಲ ಸಪ್ಪಳಾದ್ರ ಎದ್ದು ಓಡ್ತಾರ ಅಂತ ಈಗ ಪಂಪಿನ ಕಡೆ ಹೇಳಿದ್ರಲ್ಲ?"

ನಾ ಇದನ್ನ ಯಾವತ್ತೂ ಅವಂಗ ಹೇಳಿದಾಕಿ ಅಲ್ರಿ. ಯಾರೋ ಓಣಿಯವರು ಹೇಳಿರಬೇಕು, ಇಷ್ಟು ವರ್ಷ ಹೊಟ್ಯಾಗ ಇಟ್ಕೊಂಡು ಅದಾನ. ಬೀಗರಾಗೋರ ಮುಂದ, ಚಕ್ಕಲಿ ಕೈಯಾಗ ಹಿಡಕೊಂಡು, ನಾ ಸಣ್ಣ ಹುಡುಗಿಯಂಗ ಅತ್ತುಬಿಟ್ಟೆ.