ಅಗಳು ನೋಡಲು ಬಂದವರು

ಊರಿಗಿದ್ದ ಒಂದೇ ಫೋನು ಕೆಂಪಣ್ಣನ ಮನೆಯದು. ಫೋನಿನಲ್ಲಿ ಕೇಳಿದ್ದನ್ನಷ್ಟೇ ಹೇಳಿ ಸುಮ್ಮನಾಗುವ ಜಾಯಮಾನ ಅವನದಲ್ಲ, ಅರ್ಥವನ್ನೂ ಸೇರಿಸಿಯೇ ತಲುಪಿಸುತ್ತಿದ್ದ.

“ಲೇ ಚಿಕ್ಕಸ್ವಾಮಿ, ಪಾಂಡವಪುರದ ಗಂಡಿನ ಕಡೇರು ಇವತ್ತೇ ಮಧ್ಯಾನಕ್ಕೆ ಬತ್ತಾವ್ರಂತೆ ಕಣ್ಲಾ. ಮೊದ್ಲು ಅಗಳು ನೋಡ್ತಾರಂತೆ, ಆಮೇಲೆ ಎಣ್ಣು. ಅಗಳು ಅಂದ್ರೆ ಇನ್ನೇನ್ಲಾ, ಅನ್ನ! ನಿನ್ ಮಗಳು ಅನ್ನ ಎಂಗೆ ಬೇಯಿಸ್ತಾಳೆ ಅಂತ ನೋಡ್ತಾರೆ.”

ಚಿಕ್ಕಸ್ವಾಮಿ ಅಡುಗೆಮನೆಗೆ ಓಡಿದ. ಮಗಳು ರಂಜಿತಳನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ತಿಳಿಸ್ತೀವಿ ಎಂದು ಹೋದವರೇ. ಈ ಸಂಬಂಧವೂ ತಪ್ಪಿದರೆ ಹೆಂಡತಿ ಮಾಯಮ್ಮ ತನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಭರವಸೆ ಅವನಿಗಿರಲಿಲ್ಲ.

“ಬರೀ ಅನ್ನ ಇಕ್ಕಕಾಯ್ತದಾ? ಸಾರು?” ಎಂದಳು ಮಾಯಮ್ಮ.

ಸಾರಿಗೆ ಮೀನಿತ್ತು. ಅವರದು ಹೊಸಹೊಳಲಿನಾಚೆ ಪಾಳೇಗಾರರ ಕಾಲದ ಮುರುಕು ಕೋಟೆಮನೆ. ಸುತ್ತಲೂ ತೋಡಿದ್ದ ಹಳ್ಳದಲ್ಲಿ ಮನೆ ಮುಂದಿನ ತುಂಡು ಮಾತ್ರ ಉಳಿದು, ನೀರು ನಿಂತು, ಮೀನು ಬೆಳೆದಿತ್ತು. ಊರವರು ಅದನ್ನು ಮೀನುಗುಂಡಿ ಎನ್ನುತ್ತಿದ್ದರು.

ಕೆಂಪಣ್ಣ ಪಂಪ್‌ಸೆಟ್ಟು ತಂದು ನೀರನ್ನೆಲ್ಲ ಎತ್ತಿಹಾಕಿದ. ಮೀನೇನೋ ಸಿಕ್ಕಿತು, ಕೆಸರಿನ ನಾತ ಬೀದಿ ತುಂಬಿತು.

“ಈ ವಾಸ್ನೆಗೆ ಗಂಡು ಕಾರಿಂದ ಇಳಿಯಾಕಿಲ್ಲ. ಮುಚ್ಬುಡವಾ. ಕಾರ್ ನಿಲ್ಸಕ್ಕೂ ಜಾಗಾಯ್ತದೆ,” ಎಂದ.

ಅವನ ಟ್ರಾಕ್ಟರಿನ ಜೊತೆ ಅಕ್ಕಪಕ್ಕದವರವೂ ಮಣ್ಣು ತಂದು ಸುರಿದವು. ಕರೆಯದೆ ಬರುವ ಉಪಕಾರಕ್ಕೆ ಆ ಊರಲ್ಲಿ ಕೊರತೆಯಿಲ್ಲ.

ಗಂಡು ದಿಲೀಪ ಮೈಸೂರಿನಲ್ಲಿ ಇತಿಹಾಸದ ಮೇಷ್ಟ್ರು. ಹಿರಿಯರೊಂದಿಗೆ ಬಂದು, ಅನ್ನ ಮೀನುಸಾರು ಚಪ್ಪರಿಸಿ ಉಂಡ. ಚಿಕ್ಕಸ್ವಾಮಿ ತಡೆಯಲಾರದೆ ಕೇಳಿಯೇಬಿಟ್ಟ: “ಅಗಳು ಎಂಗಿತ್ತಪ್ಪಾ?”

“ಇನ್ನೂ ನೋಡೇ ಇಲ್ವಲ್ಲ ಮಾವ! ಅಗಳು ಅಂದ್ರೆ ಕೋಟೆ ಸುತ್ತ ನೀರು ನಿಲ್ಸೋ ಕಂದಕ. ಮೀನು ಸಾಕೋ ಅಗಳು ಈ ಸೀಮೇಲಿ ಇದೊಂದೇ ಉಳ್ದಿರೋದು. ಅದಿದೆ ಅಂತಾನೇ ಈ ಸಂಬಂಧಕ್ಕೆ ಹೂಂ ಅಂದೆ. ಎಲ್ಲಿ ಅದು?”

ಮಾವ ಎಂದದ್ದಕ್ಕೆ ಹಿಗ್ಗಿದ್ದ ಚಿಕ್ಕಸ್ವಾಮಿ ಮಾತು ಮುಗಿಯುವಷ್ಟರಲ್ಲಿ ಬಾಡಿಹೋದ. ಉತ್ತರ ಕೊಟ್ಟವನು ಕೆಂಪಣ್ಣ: “ಅದ್ರ ಮೀನು ನಿಮ್ ಒಟ್ಟೇಲವೆ. ಮಿಕ್ಕಿದ್ರ ಮೇಲೆ ನಿಮ್ ಕಾರು ನಿಂತದೆ.”

ದಿಲೀಪ ಕೈ ತೊಳೆದವನೇ ಹೊರಟ. ಹೆಣ್ಣು ನೋಡುವ ಮಾತೇ ಎತ್ತಲಿಲ್ಲ. ಹಿರಿಯರೂ ಮುಖ ಊದಿಸಿಕೊಂಡು ಕಾರು ಹತ್ತಿದರು. ಕಾರು ಮಾತ್ರ ಹೊರಡಲಿಲ್ಲ, ಹಸಿಮಣ್ಣಿನಲ್ಲಿ ಅಚ್ಚಿನವರೆಗೂ ಹೂತಿತ್ತು. ಎಳೆಯಲು ಹೋದ ಕೆಂಪಣ್ಣನ ಟ್ರಾಕ್ಟರೂ ಅದರ ಪಕ್ಕದಲ್ಲೇ ಹೂತು ಕುಳಿತಿತು.

ಬೇಡವೆಂದ ಬೀಗರು ಒಬ್ಬೊಬ್ಬರೇ ಇಳಿದು ಬಂದು ಮತ್ತೆ ಜಗಲಿಯ ಮೇಲೆ ಕೂತರು. ಒಳಗಿನಿಂದ ರಂಜಿತಳ ದನಿ ಕೇಳಿಸಿತು.

“ಅಪ್ಪಾ, ರಾತ್ರಿಗೂ ಇವ್ರಿಗೆಲ್ಲ ಅಕ್ಕಿ ಆಕ್ಲಾ?”